ಕೈಚೀಲದತ್ತೆಯ ಮರೆವು

ಬಸ್ಸು ಹತ್ತುವವರನ್ನು ನೋಡಿ ನಗುವುದೆಂದರೆ ಕೈಚೀಲದತ್ತೆಗೆ ಪಂಚಪ್ರಾಣ. ಒಬ್ಬರ ಸೂಟ್‌ಕೇಸು ಬಾಗಿಲಲ್ಲೇ ಸಿಕ್ಕಿಕೊಂಡಿರುತ್ತದೆ, ಇನ್ನೊಬ್ಬರ ಚೀಲದ ಜಿಪ್ಪು ಬಾಯಿ ಬಿಟ್ಟಿರುತ್ತದೆ, ಮತ್ತೊಬ್ಬರು ಒಂದು ರಾತ್ರಿಯ ಪ್ರಯಾಣಕ್ಕೆ ತಲೆದಿಂಬನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದಿರುತ್ತಾರೆ. ಅತ್ತೆ ಮಾತ್ರ ಕಿಟಕಿ ಪಕ್ಕ ಹಾಯಾಗಿ ಕೂತು, ತೊಡೆಯ ಮೇಲೆ ಪುಟ್ಟದೊಂದು ಕೈಚೀಲ ಇಟ್ಟುಕೊಂಡು, "ಅಲ್ಲಪ್ಪಾ, ಗೋಡೆಗಳನ್ನ ಮಾತ್ರ ಮನೇಲಿ ಬಿಟ್ಟು ಬಂದೆಯಲ್ಲ, ಅವಕ್ಕೆ ಬೇಜಾರಾಗಲ್ವಾ?" ಅನ್ನುತ್ತಿದ್ದಳು. ಆ ಚೀಲದಲ್ಲಿ ಕನ್ನಡಕ, ಮಾತ್ರೆ, ಸೂಜಿದಾರ ಮತ್ತು ಮನೆ ಬೀಗದ ಕೈ. ವಾರವಿಡೀ ಊರು ಸುತ್ತಿದರೂ ಅಷ್ಟೇ. ಅದಕ್ಕೇ ಆ ಹೆಸರು ಬಿದ್ದಿದ್ದು.

ಅವಳ ಈ ಹೆಚ್ಚುಗಾರಿಕೆಯ ಹಿಂದೆ ಒಂದು ಕಿತಾಪತಿ ಇತ್ತು. ಅತ್ತೆ ಸಾಮಾನು ಒಯ್ಯುತ್ತಿರಲಿಲ್ಲ, ಯಾಕೆಂದರೆ ಅವಳ ಸಾಮಾನು ಆಗಲೇ ಹೋಗಿ ಕೂತಿರುತ್ತಿತ್ತು. ಅಣ್ಣನ ಮನೆಯ ಬಚ್ಚಲ ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ನೈಟಿ, ಟವೆಲು. ಅಕ್ಕನ ಮನೆಯಲ್ಲಿ ಚಪ್ಪಲಿ, ಸ್ವೆಟರು. ತಮ್ಮನ ಮನೆಯ ಕಪಾಟಿನ ಕೆಳಗಿನ ಅಡ್ಡಹಲಗೆಯಲ್ಲಿ ಒಂದು ಜೊತೆ ಬಟ್ಟೆ, ಬಾಚಣಿಗೆ, ಸ್ನಾನದ ಮನೆಯಲ್ಲಿ ಒಂದು ಹಲ್ಲುಜ್ಜುವ ಬ್ರಷ್ಷು. ಎಲ್ಲವೂ 'ಮರೆತು' ಬಂದವು.

ಮೊದಲ ಸಲ ನಿಜವಾಗಿಯೂ ಮರೆತಿದ್ದಳು. ಮುಂದಿನ ಸಲ ಹೋದಾಗ ನೈಟಿ ಒಗೆದು ಒಣಗಿ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ನೋಡಿ ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಾನಿಲ್ಲದಾಗಲೂ ತನ್ನದೊಂದು ಮೊಳೆ ಈ ಮನೆಯಲ್ಲಿದೆ! ಆಮೇಲೆ ಮರೆಯುವುದರಲ್ಲಿ ಅವಳದು ಎತ್ತಿದ ಕೈ ಆಯಿತು. ಹೊರಡುವಾಗ ಬಾಗಿಲಲ್ಲಿ ನಿಂತು, "ಏನೂ ಬಿಟ್ಟಿಲ್ಲ ತಾನೇ?" ಅಂತ ತಾನೇ ಕೇಳಿ, "ಎಲ್ಲಾ ತಗೊಂಡೆ" ಅಂತ ತಾನೇ ಉತ್ತರ ಕೊಟ್ಟು, ಮುಗ್ಧೆಯ ಹಾಗೆ ಮೆಟ್ಟಿಲಿಳಿಯುವಳು.

ಅವಳದೇ ಮನೆಯೆಂದರೆ ಒಂದು ಕೋಣೆ. ಕೆಳಗೆ ದರ್ಜಿಯ ಅಂಗಡಿ, ಮೇಲೆ ಅವಳ ವಾಸ. ಅಂಗಡಿಯಲ್ಲಿ ಗುಂಡಿ ಹೊಲಿಯುವ, ಅದು ತೂರುವ ಕಾಜಾ ಹಾಕುವ, ಉದ್ದವಾದ ಪ್ಯಾಂಟಿನ ಅಂಚು ಮಡಿಚಿ ಹೊಲಿಯುವ ಕೆಲಸ ಅವಳದು. ಮದುವೆ ಆಗಿರಲಿಲ್ಲ. ಕೇಳಿದವರಿಗೆ, "ಗುಂಡಿ ಇತ್ತು, ಕಾಜಾ ಸಿಗಲಿಲ್ಲ" ಅಂದು ಬಾಯಿ ಮುಚ್ಚಿಸುತ್ತಿದ್ದಳು. ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೂಲು, ಗೋಡೆಗೆ ಒಂದು ಮೊಳೆ. ಉಳಿಯಲು ಯಾರೂ ಬರುತ್ತಿರಲಿಲ್ಲ. "ಇಷ್ಟು ಚಿಕ್ಕ ಜಾಗದಲ್ಲಿ ನಿನಗ್ಯಾಕೆ ತೊಂದರೆ, ನೀನೇ ಬಾ" ಅನ್ನುವರು. ಅವಳೇ ಹೋಗುವಳು.

ಹೀಗೆ ಸಲೀಸಾಗಿ ನಡೆದಿದ್ದ ಸಂಸಾರಕ್ಕೆ ತಮ್ಮನ ಮನೆಯ ಹೊಸ ಸೊಸೆ ಕಾಲಿಟ್ಟಳು. ಒಳ್ಳೆಯ ಹುಡುಗಿ, ಚುರುಕು. ಅವಳ ಕೆಲಸ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಕಳೆದುಕೊಂಡ ಸಾಮಾನನ್ನು ಇಟ್ಟುಕೊಂಡು ವಾಪಸು ಕೊಡುವ ವಿಭಾಗದಲ್ಲಿ. ಅವಳ ದಿನವೆಲ್ಲ ಛತ್ರಿ, ಊಟದ ಡಬ್ಬಿ, ಒಂಟಿ ಬೂಟು, ಕನ್ನಡಕಗಳ ನಡುವೆ ಕಳೆಯುತ್ತಿತ್ತು. ಒಬ್ಬ ಅಜ್ಜ ಬಸ್ಸಿನಲ್ಲಿ ಬಿಟ್ಟ ಹಲ್ಲಿನ ಸೆಟ್ಟನ್ನು ಸಂಜೆಯೊಳಗೆ ಅವನ ಬಾಯಿಗೇ ಮುಟ್ಟಿಸಿದ್ದಳಂತೆ. ಮರೆತ ವಸ್ತು ಕಣ್ಣಿಗೆ ಬಿದ್ದರೆ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಅಂಥವಳಿಗೆ ಕಪಾಟಿನ ಕೆಳಗಿನ ಹಲಗೆ ಕಂಡಿತು. "ಇದ್ಯಾರದು?" ಅಂದಳು. "ಅತ್ತೆ ಮರೆತು ಹೋಗಿದ್ದು" ಅಂದ ಗಂಡ. ಮದುವೆಯ ಹೊಸದರಲ್ಲಿ ನೆಂಟರ ಮನೆಗಳಿಗೆ ಹೋದಾಗ ಅಣ್ಣನ ಮನೆಯ ಮೊಳೆಯೂ ಕಂಡಿತು, ಅಕ್ಕನ ಮನೆಯ ಚಪ್ಪಲಿಯೂ ಕಂಡಿತು. ಎಲ್ಲ ಕಡೆಯೂ ಅದೇ ಉತ್ತರ. ಹುಡುಗಿಗೆ ಅಯ್ಯೋ ಅನ್ನಿಸಿತು. ಪಾಪ, ವಯಸ್ಸಾದ ಜೀವ, ತನ್ನ ಬಟ್ಟೆ ಎಲ್ಲಿದೆ ಅಂತಲೂ ಗೊತ್ತಿಲ್ಲದೆ ಒಂದು ಕೈಚೀಲ ಹಿಡಿದು ಅಲೆಯುತ್ತಿದೆ!

ಮುಂದಿನ ಸಲ ಅತ್ತೆ ತಮ್ಮನ ಮನೆಗೆ ಹೋದಾಗ ಎಲ್ಲರೂ ಹಾಲ್‌ನಲ್ಲಿ ಹಲ್ಲು ಕಿಸಿದುಕೊಂಡು ನಿಂತಿದ್ದರು. ನಡುವೆ ಒಂದು ಕಿತ್ತಳೆ ಬಣ್ಣದ ಸೂಟ್‌ಕೇಸು, ಚಕ್ರದ್ದು.

"ತೆಗೀರಿ ಅತ್ತೆ," ಅಂದಳು ಸೊಸೆ. ಸಂಭ್ರಮದಿಂದ ಅವಳ ಮುಖ ಕೆಂಪಾಗಿತ್ತು.

ತೆಗೆದರೆ ನೈಟಿ, ಟವೆಲು, ಸ್ವೆಟರು, ಚಪ್ಪಲಿ, ಒಂದು ಜೊತೆ ಬಟ್ಟೆ, ಬಾಚಣಿಗೆ. ಒಗೆದು, ಇಸ್ತ್ರಿ ಮಾಡಿ, ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು. ಹಲ್ಲುಜ್ಜುವ ಬ್ರಷ್ಷಿಗೂ ಒಂದು ಚೀಟಿ.

"ಮೂರು ಮನೆಯದ್ದೂ ಸೇರಿಸಿದೀನಿ ಅತ್ತೆ. ಇನ್ನು ಒಂದೂ ಕಳೆದುಹೋಗಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ನಕ್ಕಳು, ಹುಡುಗಿಯ ಕೆನ್ನೆ ಸವರಿದಳು. ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಕಪಾಟು ನೋಡಿದಳು. ಅವಳ ಹಲಗೆಯ ಮೇಲೆ ತಮ್ಮನ ಹಳೇ ರೇಡಿಯೋ ಕೂತಿತ್ತು.

ಮೂರು ಮನೆಯವರೂ ಅಷ್ಟು ಸುಲಭಕ್ಕೆ ಎತ್ತಿ ಕೊಟ್ಟುಬಿಟ್ಟರೇ? ಸದ್ಯ, ತೊಲಗಿತು ಅಂದುಕೊಂಡರೇ? ಹುಡುಗಿ ಹೊಸಬಳು, ಅವಳಿಗೆ ಗೊತ್ತಿಲ್ಲ. ಅತ್ತಿಗೆಗೆ ಗೊತ್ತಿರಲಿಲ್ಲವೇ? ಅಕ್ಕನಿಗೆ? ಎರಡು ದಿನ ಇರಲು ಬಂದವಳು, "ಅಂಗಡೀಲಿ ಕೆಲಸ ಇದೆ" ಅಂತ ಸುಳ್ಳು ಹೇಳಿ ಮರುದಿನವೇ ಹೊರಟಳು.

ಆ ಸೂಟ್‌ಕೇಸೋ, ಎಳೆದತ್ತ ಬರುವ ಜಾಯಮಾನದ್ದಲ್ಲ. ಒಂದು ಚಕ್ರ ಕೀಂಯ್ ಕೀಂಯ್ ಅಂತ ಬೀದಿಗೆಲ್ಲ ಸಾರುತ್ತಿತ್ತು. ಬಸ್ಸಿನ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತು. ಪರಿಚಯದ ಕಂಡಕ್ಟರು ಕಣ್ಣರಳಿಸಿ, "ಏನಮ್ಮಾ, ಗೋಡೆ ಒಂದನ್ನ ಬಿಟ್ಟು ಬಂದ್ರಾ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಯಾವತ್ತೂ ಮಾತಿಗೆ ಮಾತು ಕೊಡುವ ಅತ್ತೆ ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ನಾಚಿಕೆಗಿಂತ ಹೆಚ್ಚಾಗಿ ಅವಳಿಗೆ ಅಳು ಬಂದಿತ್ತು.

ಆದರೆ ಅತ್ತೆ ಅಳುಬುರುಕಿಯಲ್ಲ. ನಾಲ್ಕು ನಿಲ್ದಾಣ ದಾಟುವುದರೊಳಗೆ ಅವಳ ತಲೆ ಓಡತೊಡಗಿತು. ಕೊಟ್ಟವರ ಮುಖವನ್ನೇ ಒಮ್ಮೆ ನೋಡಿಬಿಡೋಣ, ಬೇಡವಾಗಿದ್ದರೆ ಮುಖದಲ್ಲೇ ತಿಳಿಯುತ್ತದೆ. ಮನೆಗೆ ಹೋಗುವ ಬದಲು ಅಣ್ಣನ ಮನೆಯ ಹತ್ತಿರ ಇಳಿದಳು.

ಬಾಗಿಲು ತೆಗೆದವಳು ಅತ್ತಿಗೆ. ನಾಲಿಗೆ ಹರಿತ, ಮುಖ ಯಾವಾಗಲೂ ಗಂಟು. ಸೂಟ್‌ಕೇಸನ್ನು ನೋಡಿದಳು, ನಾದಿನಿಯನ್ನು ನೋಡಿದಳು.

"ಬಂದೆಯಾ ಮಹಾರಾಣಿ? ಏನು ಅಂಥ ಕೋಪ ನಮ್ಮ ಮೇಲೆ?"

"ಕೋಪನಾ? ನನಗಾ?"

"ಮತ್ತೆ? ಆ ಹುಡುಗೀನ ಕಳಿಸಿ ನೈಟಿ ತರಿಸ್ಕೊಂಡೆ. ಇನ್ನು ಈ ಮನೆಗೆ ಕಾಲಿಡಲ್ಲ ಅಂತ ತಾನೇ ಅದರ ಅರ್ಥ? ನಿಮ್ಮಣ್ಣ ಅವತ್ತಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ನಾನೇನೋ ಅಂದುಬಿಟ್ಟೆ ಅಂತ ನನ್ನನ್ನೇ ಬೈತಾರೆ. ಆ ಮೊಳೆ ನೋಡಿದಾಗೆಲ್ಲ ನನಗೂ ಒಂಥರಾ..." ಅಂದವಳು ಮಾತು ನಿಲ್ಲಿಸಿ ಮೂಗೊರೆಸಿಕೊಂಡಳು.

ಅತ್ತೆ ನಿಂತಲ್ಲೇ ಸೂಟ್‌ಕೇಸು ತೆರೆದು ನೈಟಿ, ಟವೆಲು ಎತ್ತಿಕೊಂಡಳು. ಚೀಟಿಗಳನ್ನು ಹಲ್ಲಿನಿಂದ ಕಡಿದಳು. ಬಚ್ಚಲ ಬಾಗಿಲ ಹಿಂದೆ ಹೋಗಿ ನೋಡಿದರೆ ಮೊಳೆ ಖಾಲಿಯೇ ಇತ್ತು, ಅದರ ಮೇಲೆ ಯಾರೂ ಏನೂ ಹಾಕಿರಲಿಲ್ಲ. ಜೀವ ತಂಪಾಯಿತು. ಎರಡನ್ನೂ ಅದೇ ಮೊಳೆಗೆ ನೇತುಹಾಕಿದಳು.

ಅಕ್ಕನದು ಇನ್ನೊಂದು ಕಥೆ. "ನಿನ್ನ ಚಪ್ಪಲಿ ನಾನು ಹಾಕ್ಕೊಂಡಿದ್ದೆ ಕಣೇ, ಕಾಲಿಂದ ಬಿಚ್ಚಿಸಿಕೊಂಡು ಹೋದಳು ಪುಣ್ಯಾತ್ಗಿತ್ತಿ! 'ಇದು ಇನ್ನೊಬ್ಬರ ಸ್ವತ್ತು' ಅಂತ ಪಾಠ ಬೇರೆ!" ಅಂತ ಅಕ್ಕ ಗೊಣಗಿದಳು. ಅತ್ತೆ ಚಪ್ಪಲಿಯನ್ನು ಅಕ್ಕನ ಕಾಲಿಗೇ ತೊಡಿಸಿ, ಸ್ವೆಟರನ್ನು ಬಾಗಿಲ ಹಿಂದೆ ಸೇರಿಸಿ, ಹೊರಡುವಾಗ, "ಏನೂ ಬಿಟ್ಟಿಲ್ಲ ತಾನೇ?" ಅಂದಳು. "ಎಲ್ಲಾ ಬಿಟ್ಟಿದೀಯ, ಹೋಗು" ಅಂದಳು ಅಕ್ಕ.

ಮನೆ ತಲುಪುವಾಗ ಸೂಟ್‌ಕೇಸಿನಲ್ಲಿ ತಮ್ಮನ ಮನೆಯ ಸಾಮಾನು ಮಾತ್ರ ಉಳಿದಿತ್ತು. ಅದನ್ನು ಹೇಗೆ ದಾಟಿಸುವುದು? ಅಲ್ಲಿ ಕಾವಲಿಗೆ ಆ ಹುಡುಗಿ ಇದ್ದಾಳಲ್ಲ!

ಶನಿವಾರ ಸಂಜೆ ಅತ್ತೆ ಅಂಗಡಿಯಲ್ಲಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಗ ಹುಡುಗಿಯೇ ಏದುಸಿರು ಬಿಡುತ್ತ ಬಂದಳು. ಹೆಗಲಲ್ಲಿ ಆಫೀಸಿನ ಚೀಲ, ಕಣ್ಣಲ್ಲಿ ಗಾಬರಿ. ಅತ್ತೆಯನ್ನು ಮೇಲಿನ ಕೋಣೆಗೆ ಕರೆದೊಯ್ದು, ಮಂಚದ ಮೇಲೆ ಕೂರಿಸಿ, ಮೆಲ್ಲಗೆ ಕೈ ಹಿಡಿದುಕೊಂಡಳು.

"ಅತ್ತೆ, ಹೆದರಬೇಡಿ. ದೊಡ್ಡಮಾವನ ಮನೆಗೆ ಫೋನ್ ಮಾಡಿದ್ದೆ. ನೈಟಿ ಮತ್ತೆ ಅಲ್ಲೇ ಇದೆಯಂತೆ. ನಿಮ್ಮಕ್ಕನ ಮನೇಲಿ ಸ್ವೆಟರೂ ಅಷ್ಟೇ. ಒಂದೇ ದಿನದಲ್ಲಿ ಎರಡು ಕಡೆ ಮರೆತಿದೀರಿ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ, ನಾನೇ ಕರ್ಕೊಂಡು ಹೋಗ್ತೀನಿ. ಈಗೆಲ್ಲ ಮರೆವಿಗೆ ಒಳ್ಳೊಳ್ಳೆ ಔಷಧಿ ಇದೆ."

ಅತ್ತೆ ಅವಳ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಮಂಚ ಕಿರುಗುಟ್ಟುವ ಹಾಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹುಡುಗಿ ಇದೂ ಕಾಯಿಲೆಯ ಲಕ್ಷಣವೇ ಇರಬೇಕೆಂದು ಇನ್ನಷ್ಟು ಬೆದರಿದಳು.

"ಅಯ್ಯೋ ನನ್ನ ಬೆಪ್ಪುತಕ್ಕಡಿ! ನನಗೆ ಮರೆವಿಲ್ಲ ಕಣೇ. ಬೇಕಂತಲೇ ಬಿಡ್ತೀನಿ."

"ಬೇಕಂತ? ಯಾಕೆ?"

ಅತ್ತೆ ನಗು ನಿಲ್ಲಿಸಿದಳು. "ನೋಡು, ಇದು ನನ್ನ ಮನೆ. ಒಂದು ಮಂಚ, ಒಂದು ಮೊಳೆ. ಇಲ್ಲಿ ನನ್ನದು ಬಿಟ್ಟು ಇನ್ನೊಬ್ಬರದ್ದು ಅಂತ ಒಂದು ಹೇರ್‌ಪಿನ್ನೂ ಇಲ್ಲ. ಆ ಮನೆಗಳಲ್ಲಿ ನನ್ನದೊಂದು ನೇತಾಡ್ತಾ ಇದ್ರೆ, ನಾನು ಬರೋದಿದೆ ಅಂತ ಅವರಿಗೆ ನೆನಪಿರುತ್ತೆ. ಹೋಗೋಕೆ ನನಗೊಂದು ದಾರಿ ಇರುತ್ತೆ. ನೀನು ಎಲ್ಲಾ ಸೇರಿಸಿ ಪೆಟ್ಟಿಗೆಗೆ ಹಾಕಿ ಕೊಟ್ಟೆ ನೋಡು, ಮೂರು ಮನೆಯಿಂದಲೂ ಒಟ್ಟಿಗೇ ಬೀಳ್ಕೊಟ್ಟ ಹಾಗಾಯ್ತು ನನಗೆ."

ಹುಡುಗಿಯ ಮುಖ ಚಿಕ್ಕದಾಯಿತು. "ನಮ್ಮ ಆಫೀಸಲ್ಲಿ ಯಾರೂ ಬೇಕಂತ ಬಿಟ್ಟು ಹೋಗಲ್ಲ ಅತ್ತೆ," ಅಂದಳು. "ನನಗೆ ಹೊಳೀಲೇ ಇಲ್ಲ."

"ಬಸ್ಸಲ್ಲಿ ಬಿಟ್ಟರೆ ಕಾಯೋರು ಯಾರಿದಾರೆ ಹೇಳು? ಬಾ, ಟೀ ಕುಡಿ."

ಅವತ್ತು ಹುಡುಗಿ ಅಲ್ಲೇ ಉಳಿದಳು. ಡಾಕ್ಟರ ಬಳಿ ಹೋಗುವುದೆಂದು ಸಿದ್ಧವಾಗಿಯೇ ಬಂದಿದ್ದಳಲ್ಲ. ಅತ್ತೆ ಎಷ್ಟೋ ವರ್ಷದ ಮೇಲೆ ಇನ್ನೊಬ್ಬರಿಗೆ ಮಂಚ ಬಿಟ್ಟುಕೊಟ್ಟು ಕೆಳಗೆ ಚಾಪೆ ಹಾಸಿದಳು. ಹುಡುಗಿ ಬೇಡವೆಂದು ಹಟ ಮಾಡಿ ತಾನೂ ಚಾಪೆಗೇ ಬಂದಳು, ಮಂಚ ಖಾಲಿ ಬಿತ್ತು.

ಬೆಳಿಗ್ಗೆ ಹುಡುಗಿ ಕಿತ್ತಳೆ ಸೂಟ್‌ಕೇಸು ಎಳೆದುಕೊಂಡು ಹೊರಟಳು. "ನಮ್ಮ ಮನೆ ಸಾಮಾನು ಹಲಗೆಗೆ ನಾನೇ ಸೇರಿಸ್ತೀನಿ. ಆ ರೇಡಿಯೋ ಅಟ್ಟಕ್ಕೆ" ಅಂದಳು. ಕೀಂಯ್ ಕೀಂಯ್ ಸದ್ದು ಮೆಟ್ಟಿಲಿಳಿಯಿತು.

ಅತ್ತೆ ಚಾಪೆ ಸುತ್ತಲು ಬಗ್ಗಿದಳು. ಮಂಚದ ತಲೆಗಂಬದ ಮೇಲೆ ಹಸಿರು ಹೂವಿನ ನೈಟಿಯೊಂದು ನೇತಾಡುತ್ತಿತ್ತು. ತನ್ನದಲ್ಲ. ಕಿಟಕಿಗೆ ಓಡಿದಳು. ಹುಡುಗಿ ಕೆಳಗೆ ರಸ್ತೆ ದಾಟುತ್ತಿದ್ದಳು.

"ಏ ಹುಡುಗೀ! ಏನೂ ಬಿಟ್ಟಿಲ್ಲ ತಾನೇ?"

ಕಳೆದುಹೋದ ಸಾಮಾನಿನ ವಿಭಾಗದ ಆ ಹುಡುಗಿ ತಲೆಯೆತ್ತಿ, ಕಣ್ಣು ಮಿಟುಕಿಸದೆ, ಮುಗ್ಧೆಯ ಹಾಗೆ, "ಇಲ್ಲ ಅತ್ತೆ, ಎಲ್ಲಾ ತಗೊಂಡೆ!" ಅಂದಳು.

ಅತ್ತೆ ನೈಟಿಯನ್ನು ಎದೆಗವಚಿಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಅಂಗಡಿಗಿಳಿದು ಸುತ್ತಿಗೆ ಕೇಳಿದಳು.

"ಏನು ಹೊಡೀತೀರಿ?" ಅಂದ ದರ್ಜಿ.

"ಇನ್ನೊಂದು ಮೊಳೆ," ಅಂದಳು ಅತ್ತೆ, ಬಟ್ಟೆ ಅಳತೆ ಕೊಡಲು ಬಂದವರಿಗೆಲ್ಲ ಕೇಳಿಸುವ ಹಾಗೆ. "ನಮ್ಮ ಹುಡುಗಿ ಬಟ್ಟೆ ಮರೆತು ಹೋಗಿದಾಳೆ. ಏನು ಮಾಡೋದು, ಇಟ್ಟುಕೋಬೇಕಲ್ಲ."