ಸಸ್ತಾ ಖೋಲಿ

ನನ್ನ ಹೆಂಡತಿ ತೀರಿಕೊಂಡ ನಕ್ಷತ್ರ ಕೆಟ್ಟದ್ದಂತ. ಆರು ತಿಂಗಳು ಮನೆಗೆ ಕೀಲಿ ಹಾಕು ಅಂದರು ನಮ್ಮೂರು ಖಾನಾಪುರದ ಹಿರಿಯರು. ನಾನು ಕೆಲಸ ಮಾಡುವ ಬೆಳಗಾವಿಯಲ್ಲೇ ಬಾಡಿಗೆ ಖೋಲಿ ಹುಡುಕಿದೆ. ಎಲ್ಲಾ ಕಡೆ ಬಾಡಿಗೆ ನನ್ನ ಪಗಾರಕ್ಕೆ ಮೀರಿತ್ತು. ಒಂದು ಖೋಲಿ ಮಾತ್ರ ಅರ್ಧಕ್ಕೇ ಸಿಗುತ್ತಿತ್ತು.

“ಇದ್ಯಾಕ್ರಿ ಅಕ್ಕಾರ, ಇಷ್ಟು ಸಸ್ತಾ?” ಅಂತ ಮಾಲಕಿಯನ್ನು ಕೇಳಿದೆ.

“ಸುಳ್ಳ ಯಾಕ ಹೇಳ್ಲಿರೀ. ನಮ್ಮತ್ತಿ ಇಲ್ಲೇ ತೀರಿಕೊಂಡ್ರು, ಕೆಟ್ಟ ನಕ್ಷತ್ರದಾಗ. ಹೊಳ್ಳಿ ಬರ್ತಾರಂತ ಯಾರೂ ಇರಾಕ ಬರವಲ್ರು.”

ನನಗೆ ನಗು ಬಂತು. ಬಹಳ ದಿನದ ಮೇಲೆ.

“ನಗ್ತೀರಲ್ಲ, ಹೆದರಿಕಿ ಇಲ್ಲೇನ್ರಿ?”

“ನನ್ನ ಹೆಂಡ್ತಿನೂ ಹಂಗ ಹೋದ್ಲರೀ. ಅದಕ್ಕ ನಮ್ಮನಿಗೆ ಕೀಲಿ ಬಿದ್ದೈತಿ.”

ಅವರು ಕೀಲಿಕೈ ಕೊಟ್ಟರು.

ತಿಂಗಳಾಯಿತು. ಅವರತ್ತೆ ಇನ್ನೂ ಬಂದಿಲ್ಲ. ಬಂದರೆ ಕೇಳುವುದೊಂದಿದೆ: ಖಾನಾಪುರದ ಮನೆಯಲ್ಲಿ ನನ್ನಾಕೆ ಒಬ್ಬಳೇ ಏನು ಮಾಡುತ್ತಿರಬಹುದು?