ತಿಕೋಟಾದಾಗ ವರ ನೋಡಿದ್ದು

ಓದೂ ಬಿಟ್ಟು ಕೆಲಸಾನೂ ಇಲ್ಲದ ಹುಡುಗರ ಹೆಸರು ತರಬೇತಿಗೆ ಬರಕೊಳ್ಳೋದು ನನ್ನ ಕೆಲಸ. ತಿಕೋಟಾದ ಒಂದು ಮನ್ಯಾಗ, "ಮಗ ಎಷ್ಟ ಓದ್ಯಾನ್ರಿ? ಏನ ಮಾಡ್ತಾನ್ರಿ?" ಅಂತ ಕೇಳಿದೆ. ಅವ್ವಾರು ಗಡಬಡಿಸಿ ಜಮಖಾನಾ ಹಾಸಿ, ಉಪ್ಪಿಟ್ಟು ತಂದಿಟ್ಟರು.

"ಡಿಗ್ರಿ ಆಗೇತ್ರಿ. ವಿಜಯಪುರದಾಗ ಸೂಪರ್‌ವೈಜರ್ ಅದಾನ. ಚಟ ಒಂದೂ ಇಲ್ಲ."

"ಹಂಗಾರ ನಮ್ಮ ತರಬೇತಿ ಬ್ಯಾಡ ಬಿಡ್ರಿ" ಅಂತ ಎದ್ದೆ.

"ತರಬೇತಿ? ನೀವು ವರ ನೋಡಾಕ ಬಂದ ಕನ್ಯಾದವರಲ್ಲೇನ್ರಿ?"

"ಅಲ್ರಿ. ಕೆಲಸ ಇಲ್ಲದ ಹುಡುಗರಿಗೆ ಕೆಲಸ ಕಲಿಸ್ತೀವ್ರಿ."

"ಮೊದಲ ಹೇಳಬಾರದಾ ಯಪ್ಪಾ! ಬರಕೋರಿ. ಪಿಯುಸಿ ಫೇಲ್, ಮೂರು ವರ್ಷಾತು ಮನ್ಯಾಗ ಕುಂತಾನ. ಹೊರಗ ಯಾರರೆ ಕೇಳಿದ್ರ ಮಾತ್ರ ಕನ್ಯಾದವರು ಅಂತ ಹೇಳ್ರಿ."

ಬರಕೊಂಡು ಹೊರಗ ಬಂದರೆ, ಎದುರಮನಿ ತಾಯಿ ಮಗನಿಗೆ ಹೊಸ ಅಂಗಿ ತೊಡಿಸಿ ಬಾಗಲದಾಗ ನಿಲ್ಲಿಸಿದ್ದರು. ಅಲ್ಲಿ ತರಬೇತಿ ಮಾತನ್ನ ಉಪ್ಪಿಟ್ಟು ಮುಗಿದ ಮ್ಯಾಲೇ ಎತ್ತಿದೆ.