ಖಾಲಿ ಮರಳದ ಡಬ್ಬಿಗಳು

ನಮ್ಮ ಓಣಿಯಲ್ಲಿ ಯಾರ ಮನೆಯ ಡಬ್ಬಿಯೂ ಖಾಲಿ ಮರಳುವುದಿಲ್ಲ. ಪಲ್ಯ ಬಂದ ಡಬ್ಬಿಯನ್ನು ತೊಳೆದು, ಒಂದು ಚಿಟಿಕೆ ಸಕ್ಕರೆಯೋ ಎರಡು ಉಳ್ಳಾಗಡ್ಡಿಯೋ ಹಾಕಿಯೇ ಕೊಡಬೇಕು. ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆವರೆಗೆ. ಈ ಪಾಠ ಮಾತ್ರ ಅವ್ವನಿಂದ ಬಂದದ್ದು, ಇನ್ನೂ ಮರೆತಿಲ್ಲ.

ಕೊರೊನಾ ಬಂದ ವರ್ಷ ನಾನು ಕುಷ್ಟಗಿ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಖಾನಾವಳಿ ಮುಚ್ಚಿತು. ಅದಕ್ಕೆ ಎರಡು ದಿನ ಮೊದಲು ಮಗಳು ಹನುಮಸಾಗರದಿಂದ ಬಂದಿದ್ದಳು. ಏಳನೇ ತಿಂಗಳು, ಚೊಚ್ಚಲ ಬಸುರಿ, ತವರಿನಲ್ಲಿ ಕುಬಸ ಆಗಬೇಕಿತ್ತು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಂಧುಗಳೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಬಸುರಿಗೆ ಉಣಿಸುವ ಹಬ್ಬ ಅದು. ಬಸ್ಸೇ ನಿಂತ ಮೇಲೆ ಬಂಧುಗಳು ಎಲ್ಲಿಂದ ಬರಬೇಕು?

ರೇಷನ್ ಅಕ್ಕಿ ಇತ್ತು. ಅದರ ಜೊತೆಗೆ ಉಣ್ಣುವುದು ಏನೂ ಇರಲಿಲ್ಲ. ಅಂಗನವಾಡಿಯಲ್ಲಿ ಮಗಳ ಹೆಸರು ಹನುಮಸಾಗರದಲ್ಲೇ ಉಳಿದಿತ್ತು, ಬಸುರಿಯ ಪಾಲಿನ ಕಾಳು ಇಲ್ಲಿ ಸಿಗುತ್ತಿರಲಿಲ್ಲ. ಆಶಾ ಕಾರ್ಯಕರ್ತೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತು ಹೇಳಿದಳು: "ಮಗಳಿಗೆ ರಕ್ತ ಭಾಳ ಕಡಿಮಿ ಐತ್ರಿ. ಕಾಳು, ಸೊಪ್ಪು, ಹಾಲು ಉಣಿಸ್ರಿ. ಇಲ್ಲಾಂದ್ರ ಹೆರಿಗಿ ಕಷ್ಟ ಆಗ್ತೈತಿ."

"ಹೂಂನ್ರೀ" ಅಂದೆ. ಒಳಗೆ ಬಂದು ನೋಡಿದರೆ ಒಂದು ಹಿಡಿ ತೊಗರಿಬೇಳೆ. ಆ ಹಿಡಿ ಬೇಳೆ ನೋಡಿದಾಗ ಆದ ಹೆದರಿಕೆ ನನಗೆ ಯಾವ ರೋಗಕ್ಕೂ ಆಗಿರಲಿಲ್ಲ. ಯಾರಿಗೂ ಹೇಳಲಿಲ್ಲ. ಕೇಳಿ ಉಂಡ ಮನೆತನ ನಮ್ಮದಲ್ಲ.

ಮೂರನೇ ದಿನ ಕಟ್ಟೆಯ ಮೇಲೆ ಒಂದು ಡಬ್ಬಿ ಕುಳಿತಿತ್ತು. ಒಳಗೆ ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎದುರು ಮನೆಯ ಅಕ್ಕ ತನ್ನ ಬಾಗಿಲಿಂದಲೇ ಕೂಗಿದಳು.

"ಕುಬಸದ ಬುತ್ತಿ ಅದು! ನಿನಗಲ್ಲ, ಕಣ್ಣು ಹಾಕಬ್ಯಾಡ!"

"ಕುಬಸ ಎಲ್ಲಿ ಮಾಡೀನಿ ಯಕ್ಕಾ?"

"ನೀ ಮಾಡದಿದ್ರ ಓಣಿ ಮಾಡ್ತೈತಿ. ಬಸುರಿ ಬುತ್ತಿ ಒಲ್ಲೆ ಅಂತೀಯೇನು?"

ಬಸುರಿಯ ಬುತ್ತಿಯನ್ನು ಒಲ್ಲೆ ಅನ್ನಲು ಬರುವುದಿಲ್ಲ. ಅದು ಆಕೆಗೂ ಗೊತ್ತಿತ್ತು.

ಮರುದಿನ ಇನ್ನೊಂದು ಮನೆಯಿಂದ ಹೆಸರುಕಾಳಿನ ಪಲ್ಯ. ಅದರ ಮರುದಿನ ಹಾಲು. ಒಂದು ದಿನದ ಕುಬಸ ಎರಡು ತಿಂಗಳು ನಡೆಯಿತು! ಅವರೇನು ಉಳ್ಳವರೇ? ಎಲ್ಲರೂ ಕೂಲಿಯವರು, ಎಲ್ಲರ ಕೂಲಿಯೂ ನಿಂತಿತ್ತು. ತಮ್ಮ ತಾಟಿನಿಂದ ತೆಗೆದು ಕಟ್ಟಿದರೋ ಏನೋ.

ನನಗೆ ಇನ್ನೊಂದು ಚಿಂತೆ. ಡಬ್ಬಿಗಳನ್ನು ಮರಳಿಸಲು ಒಳಗೆ ಹಾಕುವುದಕ್ಕೆ ಏನಿದೆ? ತೊಳೆದು ತೊಳೆದು ಗೋಡೆಯ ಮಾಡದಲ್ಲಿ ಸಾಲಾಗಿ ಬೋರಲು ಹಾಕಿದೆ. ಓಣಿಯಲ್ಲಿ ಡಬ್ಬಿಗಳೇ ಮುಗಿದವು. ಬುತ್ತಿ ತಂಬಿಗೆಯಲ್ಲಿ ಬಂತು, ಒಮ್ಮೆ ಕುಕ್ಕರಿನಲ್ಲೂ ಬಂತು.

"ನನ್ನ ಡಬ್ಬಿ ನಿನ್ನ ಮನ್ಯಾಗ ಸಂಸಾರ ಹೂಡೇತೇನು? ಕಳಸಬಾರ್ದಾ?" ಎದುರು ಮನೆ ಅಕ್ಕ ಗದರಿದಳು.

"ಖಾಲಿ ಹೆಂಗ ಕಳಸ್ಲಿ ಯಕ್ಕಾ?"

ಆಕೆ ದನಿ ಇಳಿಸಿ ಅಂದಳು: "ಕೂಸು ಬಂದ ಮ್ಯಾಲೆ ಸಿಹಿ ಹಾಕಿ ಕಳಸು. ಅಲ್ಲೀಮಟ ಅಲ್ಲೇ ಇರ್ಲಿ."

ಅಂದಿನಿಂದ ಆ ಡಬ್ಬಿಗಳೂ ನನ್ನ ಹಾಗೆ ಕೂಸಿನ ದಾರಿ ಕಾಯುತ್ತಿದ್ದವು.

ಹೆರಿಗೆ ಕೊಪ್ಪಳದ ದೊಡ್ಡ ಆಸ್ಪತ್ರೆಯಲ್ಲಾಯಿತು. ಹೆಣ್ಣು ಕೂಸು. ನನ್ನ ಅಂಗೈಯಲ್ಲಿ ಬಿಸಿಬಿಸಿಯಾಗಿ, ದುಂಡಗೆ! ನರ್ಸಮ್ಮ ಕಾಗದ ನೋಡುತ್ತ ಕೇಳಿದಳು: "ಆಯಿ, ಮಗಳಿಗೆ ರಕ್ತ ಛಲೋ ಏರೇತಿ. ಏನು ಉಣಿಸೀರಿ?"

"ನಾ ಏನೂ ಉಣಿಸಿಲ್ರೀ ಯವ್ವಾ. ನಮ್ಮ ಓಣಿ ಉಣಿಸೇತಿ."

ಊರಿಗೆ ಬಂದೆವು. ಮಗಳ ಹೆಸರು ಅಷ್ಟರಲ್ಲಿ ಇಲ್ಲಿನ ಅಂಗನವಾಡಿಗೆ ಬಂದಿತ್ತು. ಬಾಣಂತಿಯ ಪಾಲಿನ ಶೇಂಗಾ, ಬೆಲ್ಲ ಮನೆಗೇ ತಲುಪಿತು. ಆ ಬೆಲ್ಲವನ್ನು ಒಡೆದು ಒಂದೊಂದು ಡಬ್ಬಿಗೂ ಒಂದೊಂದು ಚೂರು ಹಾಕಿದೆ. ಡಬ್ಬಿಗಳ ಮೇಲೆ ಕೊರೆದ ಹೆಸರನ್ನು ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಕೊನೆಯ ಡಬ್ಬಿಯ ಹೆಸರು ಓದಿ ಅಲ್ಲೇ ಕುಳಿತುಬಿಟ್ಟೆ. ನಳದ ನೀರಿನ ಸರತಿಗಾಗಿ ಜಗಳವಾಡಿ, ವರ್ಷಗಟ್ಟಲೆ ನನ್ನೊಡನೆ ಮಾತು ಬಿಟ್ಟಿದ್ದ ಹೆಣ್ಣುಮಗಳದು ಅದು! ಬೇರೆಯವರ ಕೈಯಿಂದ ಕಳಿಸಿದ್ದಾಳೆ. ಮೊದಲ ಸಲ ಹಾಲು ಬಂದದ್ದು ಅದರಲ್ಲೇ.

ಉಳಿದ ಡಬ್ಬಿಗಳನ್ನು ಕಟ್ಟೆಗಳ ಮೇಲೆ ಇಟ್ಟು ಬಂದೆ. ಇದೊಂದನ್ನು ಕೈಯಲ್ಲೇ ಹಿಡಿದು ಆಕೆಯ ಬಾಗಿಲಿಗೆ ಹೋದೆ.

"ಬೆಲ್ಲ ತಂದೀನಿ" ಅಂದೆ. ಡಬ್ಬಿಯನ್ನು ಮುಂದೆ ಚಾಚಿದೆ.

ಆಕೆ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಮುಚ್ಚಳ ಎಲ್ಲೈತಿ?"

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು! ಇಬ್ಬರೂ ನಕ್ಕೆವು, ಇಬ್ಬರ ಕಣ್ಣಲ್ಲೂ ನೀರು.

ಮುಚ್ಚಳವನ್ನು ಅಂದಿನಿಂದ ಹುಡುಕುತ್ತಲೇ ಇದ್ದೇನೆ. ಮೊಮ್ಮಗಳು ಈಗ ಸಾಲಿಗೆ ಹೋಗುತ್ತಾಳೆ. ರಜೆಗೆ ಇಲ್ಲಿಗೆ ಬಂದರೆ ಮೊದಲು ಓಡುವುದು ಆ ಮನೆಗೇ.

"ನಿಮ್ಮಜ್ಜಿಗೆ ಮುಚ್ಚಳ ಸಿಕ್ತೇನ?" ಅಂತ ಆಕೆ ಕೇಳುತ್ತಾಳೆ.

"ಇನ್ನಾ ಸಿಕ್ಕಿಲ್ಲ" ಅನ್ನುತ್ತಾಳೆ ನನ್ನ ಬಂಗಾರ, ಅಲ್ಲೇ ಕುಳಿತು ರೊಟ್ಟಿ ಮುರಿಯುತ್ತ.